ಬುಗ್ಗೆಯ ಹೆಸರು ಬಚ್ಚಲಿಗೆ ಬಂದ ಬಗೆ

ಬಚ್ಚಲುಮನೆಯ ಗೋಡೆಗೆ ತೂಗುಬಿದ್ದಿರುವ ಗೀಸರ್‌ನ ಹೆಸರು ಮೂಲದಲ್ಲಿ ಅಂಕಿತನಾಮ. ಐಸ್‌ಲ್ಯಾಂಡಿನ ನೈಋತ್ಯ ಭಾಗದಲ್ಲಿ ಹೌಕದಾಲುರ್, ಅಂದರೆ ಗಿಡುಗದ ಕಣಿವೆ, ಇದೆ. ಅಲ್ಲಿನ ಬಿಸಿನೀರಿನ ಬುಗ್ಗೆಗಳಲ್ಲಿ ಒಂದಕ್ಕೆ ಮಾತ್ರ ಜನ ಇಟ್ಟ ಹೆಸರು ‘ಗೇಸಿರ್’. ಹೊರಗಿನವರು ಅದನ್ನು ಚಿಮ್ಮುವ ಬುಗ್ಗೆಗಳಿಗೆಲ್ಲ ಅಂಟಿಸಿ ರೂಢನಾಮ ಮಾಡಿದರು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್ ತನ್ನ ಗ್ಯಾಸಿನ ನೀರೊಲೆಗೂ ಅದೇ ಹೆಸರಿಟ್ಟ. ಇಂಗ್ಲಿಷಿನ ಮೂಲಕ ಅದು ನಮ್ಮ ಬಚ್ಚಲಿಗೂ ಬಂತು.

ಉಕ್ಕಿ ನುಗ್ಗುವುದಕ್ಕೆ ಐಸ್‌ಲ್ಯಾಂಡಿನ ನುಡಿಯಲ್ಲಿ ‘ಗೇಸಾ’ ಎನ್ನುತ್ತಾರೆ. ಗೇಸಿರ್ ಎಂದರೆ ಹಾಗೆ ನುಗ್ಗುವವನು. ಭಾಷಾವಿಜ್ಞಾನಿಗಳು ಇದರ ಬೇರನ್ನು ‘ಸುರಿ’ ಎಂಬರ್ಥದ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿನಲ್ಲಿ ಕಾಣುತ್ತಾರೆ. ಅದೇ ಧಾತು ಸಂಸ್ಕೃತದಲ್ಲಿ ‘ಹು’ ಆಯಿತು. ಹೋಮ, ಹವಿಸ್ಸು, ಆಹುತಿ ಎಲ್ಲವೂ ಅದರ ಸಂತಾನ. ಹಕಾರವೆಲ್ಲಿ, ಗಕಾರವೆಲ್ಲಿ ಎಂದು ಅನುಮಾನಿಸುವವರು ಹಂಸವನ್ನು ನೋಡಬಹುದು: ಅದರ ದಾಯಾದಿ ಪದ ಇಂಗ್ಲಿಷಿನಲ್ಲಿ ‘ಗೂಸ್’, ಐಸ್‌ಲ್ಯಾಂಡಿನಲ್ಲಿ ‘ಗೈಸ್’. ಧ್ವನಿಗಳು ಹೀಗೆ ನಿಯಮಬದ್ಧವಾಗಿ ಬದಲಾಗುವುದರಿಂದಲೇ ನಿರುಕ್ತಿ ಬರಿಯ ಊಹಾಪೋಹವಾಗದೆ ಶಾಸ್ತ್ರವಾಗಿದೆ.

ಗೇಸಿರ್ ಹೀಗೆ ನುಗ್ಗುವ ಗುಟ್ಟನ್ನು ಬಿಡಿಸಲು ಹೊರಟವರಲ್ಲಿ ರಾಬರ್ಟ್ ಬುನ್ಸೆನ್ ಒಬ್ಬ. ಪ್ರಯೋಗಶಾಲೆಯ ಬರ್ನರಿಗೆ ಹೆಸರು ಕೊಟ್ಟವನೇ. 1846ರಲ್ಲಿ ಅಲ್ಲಿಗೆ ಹೋಗಿ, ಬುಗ್ಗೆಯ ಕೊಳವೆಯೊಳಕ್ಕೆ ಉಷ್ಣಮಾಪಕ ಇಳಿಬಿಟ್ಟ. ತಳದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದ್ದರೂ ಕುದಿಯುತ್ತಿರಲಿಲ್ಲ. ಮೇಲಿನ ನೀರಿನ ಭಾರ ಅದನ್ನು ಅದುಮಿ ಹಿಡಿದಿತ್ತು. ಆ ನೀರು ತುಸು ಮೇಲೇರಿದರೆ ಸಾಕು, ಒತ್ತಡ ತಗ್ಗಿ ಒಂದಂಶ ತಟ್ಟನೆ ಆವಿಯಾಗುತ್ತದೆ. ಆವಿ ಮೇಲಿನ ನೀರನ್ನು ಹೊರದಬ್ಬುತ್ತದೆ, ಭಾರ ಇನ್ನೂ ಇಳಿಯುತ್ತದೆ, ಕೊಳವೆಯ ನೀರೆಲ್ಲ ಸಿಡಿದು ಚಿಮ್ಮುತ್ತದೆ.

ತಮಾಷೆಯೆಂದರೆ, ಚಿಮ್ಮುವ ಬುಗ್ಗೆಗಳಿಗೆ ಐಸ್‌ಲ್ಯಾಂಡಿನವರ ರೂಢನಾಮ ಗೇಸಿರ್ ಅಲ್ಲ, ‘ಗೋಸ್‌ಹ್ವೆರ್’. ‘ಗೋಸ್’ ಎಂದರೆ ಸ್ಫೋಟ, ಗೇಸಾದ ನಂಟಿನದೇ. ಬಿಸಿಬುಗ್ಗೆ ಎಂಬರ್ಥದ ‘ಹ್ವೆರ್’ ಹಳೆಯ ಕಾಲದಲ್ಲಿ ಕೊಪ್ಪರಿಗೆಯನ್ನು ಸೂಚಿಸುತ್ತಿತ್ತು. ಸಂಸ್ಕೃತದಲ್ಲಿ ಅದರ ಜ್ಞಾತಿ ‘ಚರು’: ಮೊದಲು ಪಾತ್ರೆ, ಆಮೇಲೆ ಅದರಲ್ಲಿ ಬೇಯಿಸಿ ಹೋಮಕ್ಕೆ ಹಾಕುವ ಅನ್ನ.

ಹಿಂದೆ 70 ಮೀಟರ್ ಎತ್ತರಕ್ಕೂ ಚಿಮ್ಮಿದ ಗೇಸಿರ್ ಈಗ ಬಹುಪಾಲು ಮಲಗಿಯೇ ಇರುತ್ತದೆ. ಪ್ರವಾಸಿಗರು ಕ್ಯಾಮೆರಾ ಹಿಡಿದು ಕಾಯುವುದು ಪಕ್ಕದ ಸ್ಟ್ರೊಕ್ಕುರ್ ಬಳಿ. ಬೆಣ್ಣೆ ಕಡೆಯುವ ಪಾತ್ರೆಯ ಹೆಸರಿನ ಈ ಬುಗ್ಗೆ ಕೆಲವೇ ನಿಮಿಷಗಳಿಗೊಮ್ಮೆ ಚಿಮ್ಮುತ್ತದೆ.