ಕ್ವೀನ್ ಮೇರಿಯನ್ನು ಕಾಪಾಡಿದ್ದು ದೆವ್ವ ಅಲ್ಲ, ಲೆಕ್ಕ

ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಈಗ ಹೋಟೆಲ್ ಆಗಿ ನಿಂತಿರುವ ಕ್ವೀನ್ ಮೇರಿ ಹಡಗು ಅಂದ ಕೂಡಲೇ ದೆವ್ವದ ಕಥೆ ಶುರುವಾಗುತ್ತದೆ. ಅದಕ್ಕೆ ಟಿಕೆಟ್ ಬೇರೆ! ನನಗೆ ಸೋಜಿಗ ಅನಿಸುವುದು ಎರಡನೇ ಮಹಾಯುದ್ಧದಲ್ಲಿ ಅದು ಮುಳುಗದೆ ಉಳಿದ ಬಗೆ.

1936ರಲ್ಲಿ ಮೊದಲ ಯಾನ ಮಾಡಿದಾಗ ಸುಮಾರು 2,000 ಪ್ರಯಾಣಿಕರ ಹಡಗು ಅದು. ಯುದ್ಧ ಬಂತು, ಬೂದು ಬಣ್ಣ ಬಳಿದರು, ಸೈನಿಕರನ್ನು ತುಂಬಿದರು. 1943ರ ಜುಲೈನಲ್ಲಿ ನ್ಯೂಯಾರ್ಕ್‌ನಿಂದ ಹೊರಟಾಗ ಒಳಗಿದ್ದವರು 16,683 ಜನ. ಒಂದೇ ಮಂಚದಲ್ಲಿ ಪಾಳಿ ಪ್ರಕಾರ ನಿದ್ದೆ. ಕೆಂಪು, ಬಿಳಿ, ನೀಲಿ ಬಿಲ್ಲೆ ಕೊಟ್ಟು, ಅವರವರ ಭಾಗ ಬಿಟ್ಟು ಅಲ್ಲಾಡಬಾರದು ಅಂತ ಕಟ್ಟಪ್ಪಣೆ. ಅಷ್ಟು ಜನ ಒಂದೇ ಕಡೆ ನುಗ್ಗಿದರೆ ಹಡಗು ವಾಲುತ್ತದಲ್ವಾ?

ಇಷ್ಟಾದರೂ ಅಟ್ಲಾಂಟಿಕ್‌ನ ಬಹುಪಾಲು ದಾರಿಯಲ್ಲಿ ಬೆಂಗಾವಲೇ ಇರುತ್ತಿರಲಿಲ್ಲ. ಜರ್ಮನ್ ಜಲಾಂತರ್ಗಾಮಿ ನೀರೊಳಗೆ ಗಂಟೆಗೆ 14 ಕಿಲೋಮೀಟರ್ ದಾಟಿದರೆ ಹೆಚ್ಚು. ಈ ಹಡಗಿನ ವೇಗ ಸುಮಾರು 53. ಬೆನ್ನಟ್ಟುವ ಮಾತೇ ಇಲ್ಲ. ನಿಲ್ಲಿಸದೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿಗೆ ಅಡ್ಡ ಬರಬೇಕಾದರೆ ಮೊದಲೇ ಅದರ ಮುಂದೆ, ರಸ್ತೆ ಹತ್ತಿರವೇ ಇರಬೇಕು. ಎಷ್ಟು ಹತ್ತಿರ, ಅಂದರೆ ಹಡಗಿನ ನೇರ ದಾರಿಯಿಂದ ಎಷ್ಟು ಕೋನದೊಳಗೆ? 14ನ್ನು 53ರಿಂದ ಭಾಗಿಸಿದರೆ 0.26. ಶಾಲೆಯ ತ್ರಿಕೋನಮಿತಿಯಲ್ಲಿ ಸೈನ್ ಬೆಲೆ ಅಷ್ಟಿರುವ ಕೋನ ಸುಮಾರು 15 ಡಿಗ್ರಿ. ಅಂದರೆ ಹಡಗಿನ ಮೂತಿಯಿಂದ ಎಡಕ್ಕೆ 15, ಬಲಕ್ಕೆ 15. ಈ ಕಿರಿದಾದ ತುಂಡಿನ ಹೊರಗಿದ್ದವನು ಎಂಜಿನ್ ಎಷ್ಟು ಒತ್ತಿದರೂ ಹಡಗಿನ ದಾರಿಗೆ ಸಮಯಕ್ಕೆ ಬಂದು ಸೇರಲಾರ. ಟಾರ್ಪಿಡೊ ದೂರ ಹೋಗುತ್ತದೆ ಅಂತ ಸ್ವಲ್ಪ ರಿಯಾಯಿತಿ ಕೊಡಬಹುದು, ಅಷ್ಟೇ. ಸಾಲದ್ದಕ್ಕೆ ಹಡಗು ಆಗಾಗ ದಿಕ್ಕು ಬದಲಿಸುತ್ತಾ ಅಂಕುಡೊಂಕಾಗಿ ಸಾಗುತ್ತಿತ್ತು. ಆ ತುಂಡೂ ಜೊತೆಗೇ ತಿರುಗುತ್ತಿತ್ತು.

ಇದೇ ಅಂಕುಡೊಂಕು 1942ರ ಅಕ್ಟೋಬರ್ 2ರಂದು ಕೈಕೊಟ್ಟಿತು. ಐರ್ಲೆಂಡಿನ ಉತ್ತರಕ್ಕೆ ಬೆಂಗಾವಲಿಗೆ ಬಂದಿದ್ದ ಕ್ಯುರಕೋವಾ ಎಂಬ ಹಳೇ ಯುದ್ಧನೌಕೆಗೆ ಅಷ್ಟು ವೇಗ ಇರಲಿಲ್ಲ. ಅದು ನೇರ ಹೋಗುತ್ತಿತ್ತು, ಇದು ಡೊಂಕಾಗಿ ಬಂದು ಹಿಂದಿನಿಂದ ಸಮೀಪಿಸುತ್ತಿತ್ತು. ದಾರಿ ಬಿಡಬೇಕಾದ್ದು ಆ ಕಡೆಯವರು ಅಂತ ಇಬ್ಬರೂ ಸುಮ್ನೆ ನಂಬಿಕೊಂಡರು. 81,000 ಟನ್ನಿನ ಹಡಗು ಯುದ್ಧನೌಕೆಯನ್ನು ಎರಡು ತುಂಡು ಮಾಡಿತು. 300ಕ್ಕೂ ಜಾಸ್ತಿ ನಾವಿಕರು ಸತ್ತರು. ಕ್ವೀನ್ ಮೇರಿ ನಿಲ್ಲಲಿಲ್ಲ. ನಿಂತರೆ ಆ 15 ಡಿಗ್ರಿಯ ರಕ್ಷಣೆಯೇ ಇಲ್ಲ, ಹಾಗಾಗಿ ನಿಲ್ಲಬಾರದೆಂದೇ ಆದೇಶವಿತ್ತು. ಯುದ್ಧ ಮುಗಿದ ಮೇಲೆ ಕೋರ್ಟಿನಲ್ಲಿ ತಪ್ಪನ್ನು ಹಂಚಿದರು: ಮೂರರಲ್ಲಿ ಎರಡು ಪಾಲು ನೌಕಾಪಡೆಯದು, ಒಂದು ಪಾಲು ಹಡಗು ಕಂಪನಿಯದು.