ಸೆಲ್ ವಾಚು ಅಂದರೆ ಯಾಕಿಷ್ಟು ತಾತ್ಸಾರ?

ಮುಂಬೈ ಕನ್ನಡಿಗರ ಮನೆಯ ಮದುವೆಗಳಲ್ಲಿ ಅಳಿಯನಿಗೆ ವಾಚು ಕೊಡುವುದು ಇನ್ನೂ ಪೂರ್ತಿ ಹೋಗಿಲ್ಲ. ಮುಂಚೆ ತಲೆಬಿಸಿ ಇರಲಿಲ್ಲ, ಊರಿಂದ ಒಂದು ಎಚ್‌ಎಂಟಿ ತರಿಸಿದರೆ ಮುಗಿಯಿತು. ಈಗ ಅಂಗಡಿಯಲ್ಲಿ ಒಂದು ಕಡೆ ಸಮಾರಂಭಕ್ಕೆ ಕಟ್ಟುವ ತೆಳ್ಳಗಿನ, ಕೀ ಕೊಡುವ ಡ್ರೆಸ್ ವಾಚು. ಇನ್ನೊಂದು ಕಡೆ ಅದಕ್ಕಿಂತ ಕಮ್ಮಿ ಬೆಲೆಗೆ ಪುಟ್ಟ ಡಯಲ್‌ಗಳು, ಎರಡು ಗುಂಡಿ ಇರುವ ಕ್ವಾರ್ಟ್ಜ್ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚೂ ಇರುವ ಸೆಲ್ ವಾಚು. ಜೊತೆಗೆ ಬಂದ ಹಿರಿಯರು ಹೇಳೇ ಹೇಳುತ್ತಾರೆ: "ಸೆಲ್ ವಾಚು ಬೇಡಪ್ಪ, ಆಟದ ಸಾಮಾನು ಅದು." ನನಗೆ ರೇಗುವುದು ಇಲ್ಲೇ.

ಸೆಲ್ ಹೊತ್ತು ಅಳೆಯುವುದಿಲ್ಲ. ಕೀ ವಾಚಿನ ಸ್ಪ್ರಿಂಗೂ ಅಳೆಯುವುದಿಲ್ಲ. ಎರಡರ ಕೆಲಸವೂ ತಳ್ಳುವುದಷ್ಟೇ. ಅಳೆಯುವುದು ಒಳಗಿರುವ ಜೋಕಾಲಿ. ಕೀ ವಾಚಿನಲ್ಲಿ ಅದು ಬ್ಯಾಲೆನ್ಸ್ ವೀಲ್, ಕೂದಲಿನಷ್ಟು ಸಣ್ಣ ಸ್ಪ್ರಿಂಗಿಗೆ ಕಟ್ಟಿದ ಚಕ್ರ. ಇಂದಿನ ಬಹಳಷ್ಟು ವಾಚುಗಳಲ್ಲಿ ಇದು ಸೆಕೆಂಡಿಗೆ 4 ಸಲ ಹೋಗಿ ಬರುತ್ತದೆ. ಕ್ವಾರ್ಟ್ಜ್ ವಾಚಿನಲ್ಲಿ ಎರಡು ಕಾಲಿನ ಪುಟ್ಟ ಕವೆಯ ಹಾಗೆ ಕತ್ತರಿಸಿದ ಬೆಣಚುಕಲ್ಲಿನ ಹರಳು, ಅಂದರೆ ಸ್ಫಟಿಕ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ.

ಈ ವಿಚಿತ್ರ ಸಂಖ್ಯೆ ಯಾಕೆ? ಅರ್ಧ ಮಾಡಿ ನೋಡಿ. 16,384. ಮತ್ತೆ ಅರ್ಧ, 8,192. ಹೀಗೇ 15 ಸಲ ಮಾಡಿದರೆ ಸರಿಯಾಗಿ 1 ಉಳಿಯುತ್ತದೆ! ಎರಡರಿಂದ ಭಾಗಿಸುವುದು ಎಲೆಕ್ಟ್ರಾನಿಕ್ ಸರ್ಕ್ಯೂಟಿಗೆ ಅತಿ ಸುಲಭದ ಕೆಲಸ. ಅಂಥ 15 ಮೆಟ್ಟಿಲು ಇಳಿದು ಬಂದ ಆ ಒಂದು ಮಿಡಿತವೇ ಪುಟ್ಟ ಮೋಟಾರಿಗೆ ಹೋಗಿ, ಮುಳ್ಳು 'ಟಿಕ್' ಅಂತ ಒಂದು ಹೆಜ್ಜೆ ಹಾಕುತ್ತದೆ. ಇದನ್ನು ಆಟದ ಸಾಮಾನು ಅನ್ನುವುದೇ?

ಇನ್ನೊಂದು ತಂಡವಿದೆ. ಸ್ಫಟಿಕದಲ್ಲಿ 'ಶಕ್ತಿ' ಇದೆ ಅಂತ ಮಾಲೆ ಮಾರುವವರು. ವಾಚು ನಡೆಯೋದೇ ಅದರಿಂದ ಅಲ್ವಾ ಅನ್ನುತ್ತಾರೆ. ಅಲ್ಲ. ಸ್ಫಟಿಕ ಒತ್ತಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದ್ದು ನಿಜ. ವಿದ್ಯುತ್ ಕೊಟ್ಟರೆ ಅದು ಅಲುಗುವುದೂ ನಿಜ. ಆದರೆ ಯಾರಾದರೂ ಒತ್ತಬೇಕು, ಇಲ್ಲಾ ವಿದ್ಯುತ್ ಕೊಡಬೇಕು. ಸೆಲ್ ತೆಗೆದರೆ ಸ್ಫಟಿಕ ಸುಮ್ನೆ ಕೂತಿರುತ್ತದೆ.

ಲೆಕ್ಕಕ್ಕೆ ಬನ್ನಿ. ಕೀ ವಾಚು ದಿನಕ್ಕೆ 10 ಸೆಕೆಂಡು ಹಿಂದೆ ಮುಂದೆ ಆದರೆ ಅದು ಒಳ್ಳೆಯ ವಾಚೇ. ದಿನದ 86,400 ಸೆಕೆಂಡಿನಲ್ಲಿ ಬರೀ 10 ತಪ್ಪುವ ಯಂತ್ರ, ಅದೂ ಬರೀ ಹಲ್ಲುಚಕ್ರದಿಂದ! ಆದರೂ ತಿಂಗಳಿಗೆ 5 ನಿಮಿಷ. ರಾತ್ರಿ ಅಂಗಾತ ಮಲಗಿಸಿದರೆ ಒಂದು ಲೆಕ್ಕ, ಅಡ್ಡ ನಿಲ್ಲಿಸಿದರೆ ಇನ್ನೊಂದು. ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ 15-20 ಸೆಕೆಂಡು ತಪ್ಪಿದರೆ ಜಾಸ್ತಿ. 8.12ರ ಫಾಸ್ಟ್ ಲೋಕಲ್ ರೈಲು ಹಿಡಿಯುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ಮುಂಬೈಗೂ ಗಡಿಯಾರಕ್ಕೂ ಹಳೇ ಜಗಳ. 1906ರಲ್ಲಿ ಭಾರತೀಯ ಕಾಲಮಾನ ಬಂದರೂ 39 ನಿಮಿಷ ಹಿಂದಿದ್ದ 'ಬಾಂಬೆ ಟೈಮ್' 1955ರವರೆಗೂ ಉಳಿದಿತ್ತು. ಒಂದೇ ಊರಲ್ಲಿ ಎರಡು ಟೈಮು. ಯಾವ ಕ್ವಾರ್ಟ್ಜೂ ಅದನ್ನು ಬಗೆಹರಿಸುತ್ತಿರಲಿಲ್ಲ.

ಅಳಿಯನ ಹತ್ತಿರ ಬೇರೆ ವಾಚು ಇಲ್ಲ ಅಂದರೆ ನನ್ನ ಓಟು ಕ್ರೋನೋಗ್ರಾಫಿಗೆ. ಈಗಾಗಲೇ ಒಂದಿದ್ದರೆ ಕೀ ವಾಚು ಕೊಡಿ, ಹಿಂಬದಿ ಗಾಜಿನದಿದ್ದರೆ ಇನ್ನೂ ಚೆಂದ. ಎರಡರಲ್ಲೂ '30 ಮೀಟರ್' ಅಂತ ಬರೆದದ್ದನ್ನು ನಂಬಿ ಈಜಬೇಡಿ. ಅದು ಕೈ ತೊಳೆಯುವಾಗ ಸಿಡಿಯುವ ನೀರಿಗೆ, ಜುಲೈ ತಿಂಗಳ ಮಳೆಗೂ ಅಲ್ಲ. ಕ್ರೋನೋಗ್ರಾಫ್ ತಗೊಂಡವರು ನಡುವಿನ ಉದ್ದ ಮುಳ್ಳು ಓಡುತ್ತಿಲ್ಲ ಅಂತ ಮಾರನೇ ದಿನವೇ ಅಂಗಡಿಗೆ ವಾಪಸ್ ಹೋಗಬೇಡಿ. ಅದು ಸ್ಟಾಪ್‌ವಾಚಿನ ಮುಳ್ಳು, ಮೇಲಿನ ಗುಂಡಿ ಒತ್ತಿದ ಮೇಲೇ ಹೊರಡೋದು.