‘ಕೋಡಗನ ಕೋಳಿ ನುಂಗಿತ್ತಾ’: ಯಾರನ್ನು ಯಾರು ನುಂಗಿದ್ದು?

ಪ್ರಶ್ನೆ: ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ‘ಕೋಡಗನ ಕೋಳಿ ನುಂಗಿತ್ತಾ’ ಹಾಡಿಗೆ ಡ್ಯಾನ್ಸ್ ಇದೆ. ‘ಅಮ್ಮಾ, ಇದರ ಅರ್ಥ ಏನು?’ ಅಂತ ದಿನಾ ಕೇಳುತ್ತಾಳೆ. ಚಿಕ್ಕಂದಿನಿಂದ ಕೇಳಿದ ಹಾಡು, ಆದರೆ ನನಗೇ ಗೊತ್ತಿಲ್ಲ. ನಿಜಕ್ಕೂ ಅರ್ಥ ಇದೆಯಾ, ಅಥವಾ ಸುಮ್ನೆ ಪ್ರಾಸಕ್ಕೆ ಬರೆದದ್ದಾ?

ಉತ್ತರ: ನಾನೂ ಚಿಕ್ಕವನಿದ್ದಾಗ ಈ ಹಾಡಿಗೆ ಕುಣಿದವನೇ. ನನ್ನದು ಕೋಡಗನ ಪಾತ್ರ. ಸೊಂಟಕ್ಕೆ ಸೆಣಬಿನ ಹಗ್ಗದ ಬಾಲ ಕಟ್ಟಿದ್ದರು. ಎರಡನೇ ಚರಣಕ್ಕೆ ಅದು ಕಳಚಿ ಬಿತ್ತು, ಕೋಳಿಯಾಗಿದ್ದ ಹುಡುಗ ಅದನ್ನು ತುಳಿದು ಬಿದ್ದ. ಜನ ಬಿದ್ದು ಬಿದ್ದು ನಕ್ಕರು. ಇದು ನಗುವ ಹಾಡು ಅಂತಲೇ ಬಹಳ ವರ್ಷ ನಂಬಿದ್ದೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಕೋಡಗ ಅಂದರೆ ಕೋತಿ. ‘ಕೋಡಗನ ಕೋಳಿ’ ಅಂದಾಗ ಕೋಡಗನಿಗೆ ಸೇರಿದ ಕೋಳಿ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅಲ್ಲ. ಇಲ್ಲಿ ‘ಕೋಡಗನ’ ಅಂದರೆ ಕೋಡಗನನ್ನು. ಕೋತಿಯನ್ನು ಕೋಳಿ ನುಂಗಿತು. ‘ಆಡು ಆನೆಯ ನುಂಗಿ’ ಅಂದಾಗಲೂ ಹಾಗೇ, ಆನೆಯನ್ನು ಆಡು ನುಂಗಿತು. ‘ನುಂಗಿತ್ತಾ’ ಅನ್ನುವುದು ಪ್ರಶ್ನೆಯೂ ಅಲ್ಲ. ‘ನೋಡವ್ವ ತಂಗಿ’ ಅಂತ ಕರೆದು, ಇಲ್ಲಿ ಏನಾಯ್ತು ನೋಡು ಅಂತ ತೋರಿಸುವ ದನಿ. ತಂಗಿಗೇ ‘ಅವ್ವ’ ಅನ್ನುವುದು ಉತ್ತರ ಕರ್ನಾಟಕದ ಅಕ್ಕರೆ. ಪಾತರದವಳು ಅಂದರೆ ನರ್ತಕಿ, ಒಳ್ಳು ಅಂದರೆ ಒರಳು, ಲಾಳಿ ಅಂದರೆ ಮಗ್ಗದಲ್ಲಿ ಆಚೆಯಿಂದೀಚೆ ಓಡುವ ನೂಲಿನ ದೋಣಿ, ಮೇಳಿ ಅಂದರೆ ನೇಗಿಲ ಹಿಡಿ.

ಬರೆದವರು ಸಂತ ಶಿಶುನಾಳ ಶರೀಫರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳ. ಗುರು ಕಳಸದ ಗೋವಿಂದ ಭಟ್ಟರು. ಕಳಸ ಅಂದ ಕೂಡಲೇ ಚಿಕ್ಕಮಗಳೂರು ಕಡೆ ಹೋಗಬೇಡಿ, ಇದು ಕುಂದಗೋಳದ ಹತ್ತಿರದ ಹಳ್ಳಿ. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಬಾಯಿಂದ ಬಾಯಿಗೆ ಬಂದ ಶರೀಫರ ಹಾಡುಗಳನ್ನು ಕ್ಯಾಸೆಟ್ ಕಾಲದಲ್ಲಿ ಮನೆಮನೆಗೆ ತಲುಪಿಸಿದವರು ಸಿ. ಅಶ್ವಥ್.

ಇನ್ನು ಅರ್ಥ. ಜಾಸ್ತಿ ಕೇಳಿಬರುವ ವಿವರಣೆ ಹೀಗಿದೆ: ಕೋಡಗ ಅಂದರೆ ಚಂಚಲ ಮನಸ್ಸು, ಕೋಳಿ ಅಂದರೆ ಎಚ್ಚರ, ಜ್ಞಾನ. ಎಚ್ಚರ ಬಂದಾಗ ಚಂಚಲತೆ ಅಡಗುತ್ತದೆ. ಇದು ತಪ್ಪಲ್ಲ. ಮನಸ್ಸನ್ನು ಕೊಂಬೆಯ ಮೇಲಿನ ಮರ್ಕಟಕ್ಕೆ ಬಸವಣ್ಣನವರೇ ಹೋಲಿಸಿದ್ದಾರೆ. ಕೋಳಿ ಬೆಳಗಿನ ಜಾವ ಎಬ್ಬಿಸುವ ಹಕ್ಕಿ. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಂದಲೂ ನಮ್ಮಲ್ಲಿ ಹೀಗೆ ಒಗಟಿನಂತೆ ಮಾತಾಡುವ ರೂಢಿ ಇದೆ.

ಆದರೆ ಅದೇ ಲೆಕ್ಕದಲ್ಲಿ ಮುಂದೆ ಹೋದರೆ ತಿಣುಕಾಟ ಶುರು. ಆನೆ ಅಹಂಕಾರ, ಸರಿ. ಆಡು ಏನು? ಸುಣ್ಣ ಏನು? ಬೀಸುವ ಕಲ್ಲಿನ ಗೂಟ ಏನು? ಪ್ರತಿ ವಸ್ತುವಿಗೂ ಒಂದು ಚೀಟಿ ಅಂಟಿಸುತ್ತಾ ಹೋದರೆ ಹಾಡು ಕಿರಾಣಿ ಅಂಗಡಿ ಆಗುತ್ತದೆ. ನನಗೆ ಅದು ಒಗ್ಗಲಿಲ್ಲ.

ನನಗೆ ಹಾಡು ತೆರೆದುಕೊಂಡದ್ದು ಇಳಕಲ್ಲಿನಲ್ಲಿ, ಒಬ್ಬ ನೇಕಾರರ ಮನೆಯಲ್ಲಿ. ಸೀರೆ ಕೊಳ್ಳಲು ಹೋಗಿದ್ದೆವು. ಒಳಗಿನ ಕೋಣೆಯಲ್ಲಿ ಕುಣಿಮಗ್ಗ ಇತ್ತು. ನೆಲದಲ್ಲಿ ಒಂದು ಗುಂಡಿ. ನೇಕಾರರು ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟಿದ್ದರು. ತುಳಿಯುವ ಹಲಗೆಗಳು ಕೆಳಗೆ ಗುಂಡಿಯಲ್ಲೇ ಇದ್ದವು. ಬಾಗಿಲಲ್ಲಿ ನಿಂತ ನನಗೆ ಕಂಡದ್ದು ಸೊಂಟದಿಂದ ಮೇಲಿನ ಮನುಷ್ಯ ಮಾತ್ರ. ಉಳಿದರ್ಧ ನೆಲದೊಳಗೆ. ಲಾಳಿ ಟಕ್ ಟಕ್ ಅಂತ ಓಡುತ್ತಿತ್ತು. ತಟ್ಟನೆ ನೆನಪಾಯಿತು, ಮಗ್ಗದ ಮುಂದಿರುವ ಅಣ್ಣನನ್ನು ಕುಣಿ ನುಂಗಿತು ಅಂತ ಹಾಡಿನಲ್ಲಿ ಬರುತ್ತದಲ್ಲ! ಅದು ಒಗಟೇ ಅಲ್ಲ. ಕಣ್ಣೆದುರಿಗೇ ಅರ್ಧ ನುಂಗಿಯಾಗಿತ್ತು. ಹೆಣ ಹೂಳಲು ತೋಡುವ ಗುಂಡಿಗೂ ಆ ಕಡೆ ಕುಣಿ ಅಂತಲೇ ಹೆಸರು. ಉಳಿದರ್ಧ ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಲ್ಲಿಂದ ಬಂದು ಹಾಡನ್ನು ಮತ್ತೆ ಕೇಳಿದೆ. ನುಂಗುವಿಕೆಗಳಲ್ಲಿ ಅರ್ಧಕ್ಕರ್ಧ ಅಸಾಧ್ಯವೇ ಅಲ್ಲ. ಗೋಡೆ ಸುಣ್ಣ ನುಂಗುತ್ತದೆ, ಹೊಸ ಗೋಡೆಗೆ ಸುಣ್ಣ ಹೊಡೆದವರನ್ನು ಕೇಳಿ, ಎಷ್ಟು ಬಳಿದರೂ ಕುಡಿಯುತ್ತಲೇ ಇರುತ್ತದೆ. ಒರಳು ದಿನಾ ಒನಕೆಯನ್ನು ನುಂಗುತ್ತದೆ. ಬೀಸುವ ಕಲ್ಲು ತನ್ನ ಗೂಟವನ್ನು ನುಂಗಿಕೊಂಡೇ ತಿರುಗುತ್ತದೆ. ಗುಡ್ಡದ ಹೊಟ್ಟೆಯಲ್ಲಿ ಗವಿ, ಗವಿಯೊಳಗೆ ಇರುವೆ. ಕೋಡಗ-ಕೋಳಿ, ಆಡು-ಆನೆ ಅಂತ ತಮಾಷೆಗೆ ನಮ್ಮನ್ನು ನಗಿಸಿ ಕೂರಿಸಿ, ಶರೀಫರು ಮೆಲ್ಲಗೆ ಅಡುಗೆಮನೆಗೆ, ಮಗ್ಗದ ಕೋಣೆಗೆ, ಹೊಲಕ್ಕೆ ಕರೆದೊಯ್ಯುತ್ತಾರೆ.

ಪ್ರತಿ ಚರಣದ ಕೊನೆಗೂ ಒಬ್ಬ ಮನುಷ್ಯ ಬರುವುದನ್ನು ಗಮನಿಸಿ. ಕುಣಿಯಲು ಬಂದವಳನ್ನು ಮದ್ದಲೆ ನುಂಗಿತು. ಕುಟ್ಟಲು ಬಂದ ಮುದುಕಿಯನ್ನು ನೆಲ್ಲು, ಅಂದರೆ ಭತ್ತ, ನುಂಗಿತು. ನೇಕಾರನನ್ನು ಕುಣಿ, ರೈತನನ್ನು ಮೇಳಿ. ಹುಲಿಯೋ ಭೂತವೋ ಬಂದು ನುಂಗಲಿಲ್ಲ. ಅವರವರು ಹಿಡಿದ ಕೆಲಸವೇ, ಕೈಯಲ್ಲಿದ್ದ ವಸ್ತುವೇ ಅವರನ್ನು ನುಂಗಿತು. ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ಮುಂದೆ ಕೂರುವ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಠ್ಯದಲ್ಲಿ ಗಾಯಕರಿಂದ ಗಾಯಕರಿಗೆ ಪದ ಅಲ್ಲಲ್ಲಿ ಬದಲಾಗುತ್ತದೆ, ಆದರೆ ಈ ಸಾಲುಗಳ ನಡಿಗೆ ಮಾತ್ರ ಬದಲಾಗುವುದಿಲ್ಲ.

ಕೊನೆಗೆ ಬರುವವರು ಶರೀಫರೇ: ‘ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತಾ’. ನೇಕಾರ ಮಗ್ಗಕ್ಕೆ, ರೈತ ನೇಗಿಲಿಗೆ ಹೋದ ಹಾಗೆ ಇವರು ಗುರುವಿನ ಪಾದಕ್ಕೆ ಹೋದರು. ಹೇಗೂ ಏನಾದರೊಂದು ನುಂಗಿಯೇ ನುಂಗುತ್ತದೆ, ಇವರು ಮಾತ್ರ ಯಾವುದು ನುಂಗಬೇಕು ಅಂತ ತಾವೇ ಆರಿಸಿಕೊಂಡರು ಅಂತ ನಾನು ಓದಿಕೊಳ್ಳುತ್ತೇನೆ. ಭಕ್ತಿಯ ಕಡೆಯಿಂದ ನೋಡುವವರು, ‘ನಾನು’ ಅನ್ನುವುದು ಕರಗಿತು, ಅಷ್ಟೇ ಅನ್ನುತ್ತಾರೆ. ಅದೂ ಸರಿಯೇ. ಎರಡೂ ಒಟ್ಟಿಗೆ ಕೂರುತ್ತವೆ.

ಹಾಗಾದರೆ ಮಗಳಿಗೆ ಏನು ಹೇಳುವುದು? ಮನಸ್ಸು, ಜ್ಞಾನ, ಅಹಂಕಾರ ಅಂತ ಈಗಲೇ ಶುರು ಮಾಡಬೇಡಿ, ಪಾಪ. ಕೋತಿಯನ್ನು ಕೋಳಿ ನುಂಗಿತಂತೆ ಅಂತಲೇ ಹೇಳಿ, ನಗಲಿ. ಆಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ. ಒರಳು ಇಲ್ಲದಿದ್ದರೆ ಶುಂಠಿ ಜಜ್ಜುವ ಪುಟ್ಟ ಕುಟ್ಟಾಣಿ ಸಾಕು. ಕಲ್ಲನ್ನು ಒಳಗಿಟ್ಟು, ‘ಇದು ಅದನ್ನು ನುಂಗಿತಾ ಇಲ್ವಾ?’ ಅಂತ ಕೇಳಿ. ಮುಂದಿನ ಸಾಲುಗಳನ್ನು ಅವಳೇ ಮನೆಯೆಲ್ಲಾ ಹುಡುಕುತ್ತಾಳೆ: ಬೀಗ ಕೀಲಿಯನ್ನು ನುಂಗಿತ್ತಾ, ಚೀಲ ಪುಸ್ತಕವನ್ನು ನುಂಗಿತ್ತಾ. ಹಾಂ, ಅವಳಿಗೂ ಕೋಡಗನ ಪಾತ್ರವೇ ಸಿಕ್ಕಿದ್ದರೆ ಬಾಲಕ್ಕೆ ಎರಡು ಸೇಫ್ಟಿ ಪಿನ್ ಜಾಸ್ತಿಯೇ ಹಾಕಿ.